ನಿರಂತರ ಆತಂಕ ಮತ್ತು ದಿಢೀರ್ ಗಾಬರಿ: ಲಕ್ಷಣಗಳು, ನಿರ್ವಹಣೆ ಹಾಗೂ ಚಿಕಿತ್ಸಾ ಸೌಲಭ್ಯ

(ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಏಕಾಏಕಿ ಎದೆ ಬಡಿತ ಏರುವುದು, ಉಸಿರು ಕಟ್ಟಿದಂತಾಗುವುದು, ಬೆವರುವುದು, ಕೈಕಾಲು ನಡುಗುವುದು, ಈಗಲೇ ಪ್ರಾಣ ಹೋಗುತ್ತದೆ ಎಂಬ ಭಯ ಆವರಿಸುವುದು ಗಾಬರಿಯ ಮುಖ್ಯ ಲಕ್ಷಣಗಳು. ಇಸಿಜಿ ಹಾಗೂ ರಕ್ತಪರೀಕ್ಷೆ ಸರಿಯಿದ್ದರೂ ಇದು ಮರುಕಳಿಸುವುದರಿಂದ ಅನೇಕರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಹಣ ಕಳೆದುಕೊಳ್ಳುತ್ತಾರೆ. ಇದು ನಟನೆಯಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆಯಾಗಿರುತ್ತದೆ.

ಗಾಬರಿ ಉಂಟಾಗುವ ಬಗೆ

ಅಪಾಯ ಎದುರಾದಾಗ ಮೆದುಳಿನ ಸೂಚನೆಯಂತೆ ಅಡ್ರಿನಲಿನ್ ರಸ ಸ್ರವಿಸಿ, ದೇಹವು ಓಡಲು ಅಥವಾ ಎದುರಿಸಲು ಸಜ್ಜಾಗುತ್ತದೆ. ಅಪಾಯವಿಲ್ಲದಿರುವಾಗಲೂ ಇದೇ ಸೂಚನೆ ಹೊರಟರೆ ಗಾಬರಿ ಉಂಟಾಗುತ್ತದೆ. ಉಸಿರಾಟ ವೇಗವಾದಂತೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಮತ್ತು ತುಟಿಗಳಲ್ಲಿ ಜುಮುಜುಮು, ತಲೆ ಹಗುರಾದ ಅನುಭವ ಉಂಟಾಗುತ್ತದೆ. ಇದನ್ನು ಕಂಡು ಭಯ ಮತ್ತಷ್ಟು ಹೆಚ್ಚುತ್ತದೆ. ಗಾಬರಿಯು ಸಾಮಾನ್ಯವಾಗಿ 10 ನಿಮಿಷಗಳೊಳಗೆ ತುತ್ತತುದಿಗೆ ಏರಿ, ಬಳಿಕ ತಾನಾಗಿ ಇಳಿಯುತ್ತದೆ.

ಒಮ್ಮೆ ಬಸ್ಸಿನಲ್ಲಿ ಗಾಬರಿಯಾದವರು ಬಸ್ಸು ಹತ್ತುವುದನ್ನು, ನಂತರ ಸಂತೆಗೆ ಹೋಗುವುದನ್ನು, ಕೊನೆಗೆ ಮನೆಯಿಂದ ಹೊರಬರುವುದನ್ನೇ ಬಿಡುವುದುಂಟು. ಹೀಗೆ ತಪ್ಪಿಸಿಕೊಂಡಷ್ಟೂ ಭಯ ಬಲಗೊಳ್ಳುತ್ತದೆ. ಹೊಲದ ಕೆಲಸ, ಮಗ್ಗ, ವ್ಯಾಪಾರ, ಮಕ್ಕಳ ಓದು ನಿಂತುಹೋಗುತ್ತವೆ.

ಮಳೆಯನ್ನೇ ನಂಬಿದ ಬೇಸಾಯ, ಸಾಲ, ಬೆಳೆನಷ್ಟ ಹಾಗೂ ಪ್ರವಾಹದ ಅನುಭವಗಳು ಆತಂಕವನ್ನು ಹೆಚ್ಚಿಸಬಲ್ಲವು. 2009 ಮತ್ತು 2019ರಲ್ಲಿ ಮಲಪ್ರಭಾ ನದಿಯ ಪ್ರವಾಹದಿಂದ ತೀರದ ಗ್ರಾಮಗಳು ಸಂಕಷ್ಟಕ್ಕೀಡಾದವು. 2019ರಲ್ಲಿ ರೋಣ ತಾಲ್ಲೂಕಿನ ಹೊಳೆಆಲೂರು ಹಾಗೂ ನರಗುಂದ ತಾಲ್ಲೂಕಿನ ಕೊಣ್ಣೂರು ಜಲಾವೃತಗೊಂಡಿದ್ದವು. ಇಂತಹ ಅನುಭವ ಪಡೆದವರಲ್ಲಿ ಮಳೆಗಾಲ ಬಂದೊಡನೆ ನಿದ್ರೆ ಕೆಡುವುದು, ಎದೆ ಢವಢವ ಎನ್ನುವುದು ಅಸಹಜವೇನಲ್ಲ.

ಮೊದಲು ಖಚಿತಪಡಿಸಿಕೊಳ್ಳಬೇಕಾದುದು

ಮೊದಲ ಬಾರಿಗೆ ಎದೆನೋವು ಬಂದಾಗ ಅದನ್ನು ಗಾಬರಿಯೆಂದು ತಾವೇ ತೀರ್ಮಾನಿಸಬಾರದು. ನೋವು ಎಡಗೈ, ದವಡೆ ಅಥವಾ ಬೆನ್ನಿಗೆ ಹರಡಿದಲ್ಲಿ, ಪ್ರಜ್ಞೆ ತಪ್ಪಿದಲ್ಲಿ, ಅಥವಾ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದಲ್ಲಿ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಥೈರಾಯ್ಡ್ ದೋಷ, ರಕ್ತಹೀನತೆ ಮತ್ತು ರಕ್ತದಲ್ಲಿ ಸಕ್ಕರೆ ಕುಸಿಯುವುದರಿಂದಲೂ ಇವೇ ಲಕ್ಷಣಗಳು ಕಾಣಿಸಬಹುದು.

ಗಾಬರಿ ಬಂದಾಗ ಅನುಸರಿಸಬೇಕಾದ ಕ್ರಮಗಳು

1. ಇದು ಗಾಬರಿಯೆಂದು ವೈದ್ಯರು ಈಗಾಗಲೇ ಖಚಿತಪಡಿಸಿದ್ದಲ್ಲಿ, "ಇದು ಏರಿ ಇಳಿಯುತ್ತದೆ" ಎಂದು ನೆನಪಿಸಿಕೊಳ್ಳುವುದು.
2. ಮೂಗಿನಿಂದ 4 ಎಣಿಸುವಷ್ಟು ಕಾಲ ಉಸಿರು ಒಳಗೆಳೆದು, 6 ಎಣಿಸುವಷ್ಟು ಕಾಲ ನಿಧಾನವಾಗಿ ಹೊರಬಿಡುವುದು. ಚೀಲದೊಳಗೆ ಉಸಿರಾಡಬಾರದು.
3. ಪಾದಗಳನ್ನು ನೆಲಕ್ಕೆ ಊರಿ, ಸುತ್ತ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು.
4. ಸಾಧ್ಯವಾದಲ್ಲಿ ಸ್ಥಳ ಬಿಟ್ಟು ಓಡದೆ, ಗಾಬರಿ ಇಳಿಯುವವರೆಗೆ ಅಲ್ಲಿಯೇ ಇರುವುದು.
5. ಮನೆಯವರು ಗದರಿಸದೆ, ಸುತ್ತ ಗುಂಪುಗೂಡದೆ, ಜೊತೆಯಲ್ಲಿ ಕುಳಿತು ನಿಧಾನವಾಗಿ ಉಸಿರಾಡಲು ನೆರವಾಗುವುದು.

ಅತಿಯಾದ ಚಹಾ, ತಂಬಾಕು, ಗುಟ್ಕಾ ಹಾಗೂ ಮದ್ಯ ತೊಂದರೆಯನ್ನು ಹೆಚ್ಚಿಸುತ್ತವೆ. ನಿತ್ಯ ಮದ್ಯ ಸೇವಿಸುವವರು ವೈದ್ಯರ ಸಲಹೆ ಪಡೆದೇ ಬಿಡಬೇಕು. ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ.

ಚಿಕಿತ್ಸೆ

ಭಯದ ಸಂದರ್ಭಗಳನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಆಪ್ತಸಮಾಲೋಚನೆ ಹಾಗೂ ಔಷಧಿ ಇವೆರಡೂ ಪರಿಣಾಮಕಾರಿ. ಆತಂಕ ನಿವಾರಣೆಗೆ ನೀಡುವ ಮುಖ್ಯ ಔಷಧಿಗಳು ಫಲ ನೀಡಲು ಕೆಲವು ವಾರ ಬೇಕಾಗುತ್ತದೆ. ಇವು ಚಟ ಹಿಡಿಸುವುದಿಲ್ಲ. ಆದರೂ ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು. ನಿದ್ರೆ ಮಾತ್ರೆಗಳನ್ನು ಅಂಗಡಿಯಿಂದ ತಾವೇ ಕೊಂಡು ಬಹುಕಾಲ ಸೇವಿಸಿದರೆ ಅವಲಂಬನೆ ಬೆಳೆಯುತ್ತದೆ. ಗಾಳಿ ಸೋಕಿದೆ, ದೃಷ್ಟಿ ತಗುಲಿದೆ ಎಂದು ಹರಕೆ ಹೊತ್ತವರೂ ಚಿಕಿತ್ಸೆಯನ್ನು ಮುಂದೂಡಬಾರದು.

ಸೌಲಭ್ಯ ಪಡೆಯುವ ವಿಧಾನ

• ಸಾರ್ವಜನಿಕರು ಪ್ರಥಮವಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಪಡೆದು ವೈದ್ಯರನ್ನು ಕಾಣಬಹುದು.
• ಮನೋಚೈತನ್ಯ ಕಾರ್ಯಕ್ರಮವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಒದಗಿಸುವ ಉದ್ದೇಶ ಹೊಂದಿದೆ. ಯಾವ ಮಂಗಳವಾರವೆಂಬುದನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.
• ಹೆಚ್ಚಿನ ಚಿಕಿತ್ಸೆಗೆ ಗದಗಿನ ಜಿಮ್ಸ್ ಆಸ್ಪತ್ರೆ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು ಸಂಪರ್ಕಿಸಬಹುದು.
• ಪ್ರಯಾಣಿಸಲು ಆಗದವರು 2022ರ ಅಕ್ಟೋಬರ್ 10ರಂದು ಆರಂಭಗೊಂಡ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜೀವ ಕಳೆದುಕೊಳ್ಳುವ ಯೋಚನೆ ಬಂದಲ್ಲಿ ತಡಮಾಡದೆ ಇದೇ ಸಂಖ್ಯೆಗೆ ಕರೆ ಮಾಡುವುದು.
• ಹಿಂದಿನ ಔಷಧಿ ಚೀಟಿ, ಇಸಿಜಿ ಮತ್ತು ರಕ್ತಪರೀಕ್ಷೆಯ ವರದಿಗಳನ್ನು ಜೊತೆಗೆ ತಂದಲ್ಲಿ ಅವೇ ಪರೀಕ್ಷೆಗಳನ್ನು ಪುನಃ ಮಾಡಿಸುವ ವೆಚ್ಚ ತಪ್ಪುತ್ತದೆ.

ನಾಗರಿಕರ ಹಕ್ಕುಗಳು

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಸರ್ಕಾರಿ ಸೇವೆಗಳಲ್ಲಿ ಮಾನಸಿಕ ಆರೋಗ್ಯ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರು ಬಿಪಿಎಲ್ ಕಾರ್ಡ್ ಹೊಂದಿರದಿದ್ದರೂ ಉಚಿತ ಚಿಕಿತ್ಸೆಗೆ ಅರ್ಹರು. ರೋಗಿಯ ವಿವರಗಳನ್ನು ಗೌಪ್ಯವಾಗಿಡುವುದು ಕಡ್ಡಾಯ. ಆದುದರಿಂದ ಊರವರು ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದ ಯಾರೂ ಚಿಕಿತ್ಸೆಯಿಂದ ದೂರ ಉಳಿಯಬೇಕಾಗಿಲ್ಲ.