ಸಲಹೆಗೆ ಸಂಭಾವನೆಯೋ, ಹೆಸರಿಗೆ ಬೆಲೆಯೋ?
ತ್ವಚೆಯ ಆರೈಕೆ ಉದ್ದಿಮೆಯಲ್ಲಿ ವಿಜ್ಞಾನ ಸಲಹೆಗಾರರ ಸ್ಥಾನಮಾನ

ಸಾಬೂನು ಕೊಂಡವರಿಗೆ ಅದು ಕೊಳೆ ತೆಗೆಯಿತೋ ಇಲ್ಲವೋ ಎಂಬುದು ಅಂದೇ ತಿಳಿಯುತ್ತದೆ. ಮುಖದ ಸುಕ್ಕು ತಗ್ಗಿಸುವ ಲೇಪನ ಕೊಂಡವರಿಗೆ ಈ ಅನುಕೂಲವಿಲ್ಲ. ಫಲ ಕಾಣಲು ತಿಂಗಳುಗಳು ಬೇಕು. ಕಂಡ ಫಲವೂ ಆ ಲೇಪನದಿಂದಲೇ ಬಂದಿತೆಂದು ಹೇಳುವುದು ಕಷ್ಟ. ಆದುದರಿಂದ ಈ ಮಾರುಕಟ್ಟೆಯಲ್ಲಿ ಗ್ರಾಹಕರು ಹಣ ತೆರುವುದು ಡಬ್ಬಿಯೊಳಗಿನ ವಸ್ತುವಿಗಷ್ಟೇ ಅಲ್ಲ, ಅದರ ಬೆನ್ನಿಗಿದೆಯೆಂದು ಹೇಳಲಾಗುವ ವಿಜ್ಞಾನಕ್ಕೂ ಹೌದು. ಚರ್ಮರೋಗ ತಜ್ಞರನ್ನೂ ಜೀವರಸಾಯನ ಶಾಸ್ತ್ರಜ್ಞರನ್ನೂ ಒಳಗೊಂಡ ವಿಜ್ಞಾನ ಸಲಹಾ ಮಂಡಳಿಗಳನ್ನು ಕಂಪನಿಗಳು ರಚಿಸಿಕೊಳ್ಳುವುದಕ್ಕೆ ಇದೇ ಮುಖ್ಯ ಕಾರಣ.

ಇಂತಹ ಸಲಹೆಗಾರರಿಂದ ಯಾವ ಕೆಲಸ ಪಡೆಯಬೇಕು, ಅವರಿಗೆ ಸಂಭಾವನೆಯನ್ನು ಯಾವ ಬಗೆಯಲ್ಲಿ ನೀಡಬೇಕು ಎಂಬುದು ಪ್ರಯೋಗಾಲಯಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಅದು ಆಡಳಿತ ಮಂಡಳಿಯ ಮತ್ತು ಲೆಕ್ಕಪತ್ರದ ಪ್ರಶ್ನೆಯೂ ಆಗಿದೆ. 2006ರಲ್ಲಿ ಅಮೆರಿಕದಲ್ಲಿ ನಡೆದ ಪ್ರಕರಣವೊಂದು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ.

ಬಾಲ್ಟಿಮೋರ್‌ನ ಪಾಠ

ಕ್ಲಿಂಗರ್ ಅಡ್ವಾನ್ಸ್ಡ್ ಏಸ್ಥೆಟಿಕ್ಸ್ ಎಂಬ ಕಂಪನಿಯು 'ಕಾಸ್ಮೆಡಿಸಿನ್' ಎಂಬ ಹೆಸರಿನಲ್ಲಿ ತ್ವಚೆಯ ಲೇಪನಗಳನ್ನು ಆ ವರ್ಷ ಸೆಫೋರಾ ಮಳಿಗೆಗಳ ಮೂಲಕ ಮಾರುಕಟ್ಟೆಗೆ ತಂದಿತು. ಬಾಲ್ಟಿಮೋರ್ ನಗರದ ಪ್ರಸಿದ್ಧ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಸಂಸ್ಥೆಯೊಡನೆ ಸಮಾಲೋಚಿಸಿ ಇವುಗಳನ್ನು ಸಿದ್ಧಪಡಿಸಲಾಗಿದೆ ಎಂಬುದು ಅವುಗಳ ಪ್ರಚಾರದ ತಿರುಳಾಗಿತ್ತು. ವಾಸ್ತವವಾಗಿ ಹಾಪ್ಕಿನ್ಸ್ ತಜ್ಞರ ಕೆಲಸ ಸೀಮಿತವಾಗಿತ್ತು. ಬೇರೆಯವರು ನಡೆಸಿದ ಪರೀಕ್ಷೆಗಳ ವಿಧಾನವನ್ನೂ ಫಲಿತಾಂಶಗಳನ್ನೂ ಅವರು ಪರಿಶೀಲಿಸುತ್ತಿದ್ದರು. ಇದಕ್ಕೆ ಪ್ರತಿಯಾಗಿ ಸಂಸ್ಥೆಗೆ ಶುಲ್ಕವಷ್ಟೇ ಅಲ್ಲದೆ, ಕಂಪನಿಯಲ್ಲಿ ಷೇರು ಪಾಲು ಮತ್ತು ನಿರ್ದೇಶಕ ಮಂಡಳಿಯಲ್ಲಿ ಒಂದು ಸ್ಥಾನವೂ ದೊರೆಯುವ ಏರ್ಪಾಡಾಗಿತ್ತು.

ಏಪ್ರಿಲ್ 2006ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಈ ಸಂಗತಿಯನ್ನು ವರದಿ ಮಾಡಿದಾಗ ವೈದ್ಯಕೀಯ ನೀತಿಶಾಸ್ತ್ರದ ವಿದ್ವಾಂಸರಿಂದ ತೀವ್ರ ಟೀಕೆಗಳು ಬಂದವು. ಉತ್ಪನ್ನವನ್ನು ತಾವು ಅನುಮೋದಿಸಿಲ್ಲ, ಪರೀಕ್ಷೆಗಳನ್ನು ಪರಿಶೀಲಿಸಿರುವುದಷ್ಟೇ ಎಂಬುದು ಸಂಸ್ಥೆಯ ಸಮಜಾಯಿಷಿಯಾಗಿತ್ತು. ಆದರೂ ಕೆಲವೇ ದಿನಗಳಲ್ಲಿ ಅದು ಷೇರು ಪಾಲನ್ನೂ ಮಂಡಳಿಯ ಸ್ಥಾನವನ್ನೂ ಬಿಟ್ಟುಕೊಟ್ಟು, ತನ್ನ ಹೆಸರನ್ನು ಪ್ರಚಾರದಿಂದ ಹಿಂತೆಗೆದುಕೊಂಡಿತು.

ಇಲ್ಲಿ ಗಮನಿಸಬೇಕಾದುದೆಂದರೆ, ಪರಿಶೀಲನೆಯ ಕೆಲಸದಲ್ಲಿ ತಪ್ಪಿರಲಿಲ್ಲ. ತಯಾರಕರು ಮಾಡಿಸಿದ ಪರೀಕ್ಷೆಯನ್ನು ಹೊರಗಿನ ತಜ್ಞರು ತೂಗಿ ನೋಡುವುದು ಮೆಚ್ಚತಕ್ಕ ಕ್ರಮವೇ ಸರಿ. ತೊಡಕಾದುದು ಎರಡು ಕಡೆ. ಪರೀಕ್ಷಿಸುವವರೇ ಲಾಭದ ಪಾಲುದಾರರಾಗಲಿದ್ದರು. ಪರೀಕ್ಷಾವಿಧಾನದ ಪರಿಶೀಲನೆಗೂ ಉತ್ಪನ್ನದ ಅನುಮೋದನೆಗೂ ಇರುವ ಅಂತರ ಅಂಗಡಿಯಲ್ಲಿ ನಿಂತ ಗ್ರಾಹಕರಿಗೆ ಕಾಣುವಂತಿರಲಿಲ್ಲ. ಲೆಕ್ಕ ಪರಿಶೋಧಕನು ತಾನು ಪರಿಶೋಧಿಸುವ ಕಂಪನಿಯ ಷೇರು ಹೊಂದಬಾರದೆಂಬ ನಿಯಮದ ಹಿಂದಿರುವ ವಿವೇಕವೂ ಇದೇ.

ಅಂಕಿ ಅಂಶಗಳೊಡನೆ ಬಂದ ವಿಜ್ಞಾನಿ

ಹಾಗೆಂದು ವಿಜ್ಞಾನಿಗಳು ಉದ್ದಿಮೆಯಿಂದ ದೂರವಿರಬೇಕೆಂದು ಅರ್ಥವಲ್ಲ. ಡ್ಯೂಕ್ ವಿಶ್ವವಿದ್ಯಾನಿಲಯದ ಚರ್ಮಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಶೆಲ್ಡನ್ ಪಿನೆಲ್ ಅವರು ಸ್ಕಿನ್‌ಸ್ಯೂಟಿಕಲ್ಸ್ ಕಂಪನಿಯ ಮೂಲ ವಿಜ್ಞಾನಿ. ಸಿ ಜೀವಸತ್ವವು ಚರ್ಮದೊಳಗೆ ಇಳಿಯಬೇಕಾದರೆ ದ್ರಾವಣದ ಪಿಎಚ್ ಮೌಲ್ಯ 3.5ಕ್ಕಿಂತ ಕಡಿಮೆ ಇರಬೇಕೆಂದೂ, ಅದರ ಪ್ರಮಾಣ ಶೇ. 20ನ್ನು ಮೀರಿದರೆ ಹೆಚ್ಚಿನ ಪ್ರಯೋಜನವಿಲ್ಲವೆಂದೂ ಅವರು ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದರು. ಶೇ. 15ರ ಸಿ ಜೀವಸತ್ವ ಹಾಗೂ ಶೇ. 1ರ ಇ ಜೀವಸತ್ವದ ದ್ರಾವಣಕ್ಕೆ ಫೆರೂಲಿಕ್ ಆಮ್ಲ ಸೇರಿಸಿದರೆ ಬಿಸಿಲಿನ ಹಾನಿಯಿಂದ ದೊರೆಯುವ ರಕ್ಷಣೆ ಸುಮಾರು ಇಮ್ಮಡಿಯಾಗುತ್ತದೆಂದು 2005ರ ಪ್ರಬಂಧ ತೋರಿಸಿತು. ಅದೇ ವರ್ಷ ಲೋರಿಯಲ್ ಕಂಪನಿಯು ಸ್ಕಿನ್‌ಸ್ಯೂಟಿಕಲ್ಸನ್ನು ಕೊಂಡುಕೊಂಡಿತು.

ಪಿನೆಲ್ ಅವರಿಗೂ ಕಂಪನಿಯಲ್ಲಿ ಹಿತಾಸಕ್ತಿಯಿತ್ತು. ಆದರೆ ಅವರು ಕೊಟ್ಟದ್ದು ಕೇವಲ ಹೆಸರನ್ನಲ್ಲ; ಬೇರೆಯವರು ಅಳೆದು ನೋಡಬಹುದಾದ ಅಂಕಿಗಳನ್ನು. 2005ರ ಆ ಪರೀಕ್ಷೆ ಹಂದಿಯ ಚರ್ಮದ ಮೇಲೆ ನಡೆದುದೆಂಬುದನ್ನೂ ಪ್ರಬಂಧವೇ ಹೇಳಿತ್ತು. ತಿಳಿದುದೆಷ್ಟು, ಅದರ ಮಿತಿಯೇನು ಎರಡನ್ನೂ ಬರೆದಿಡುವುದೇ ಸಲಹೆಯ ನಿಜವಾದ ಮೌಲ್ಯ.

ಗೆರೆ ಎಳೆಯುವ ಹೊಣೆ

ಸಲಹೆಗಾರರ ಇನ್ನೊಂದು ಹೊಣೆಯೆಂದರೆ, ಪ್ರಚಾರ ವಿಭಾಗ ಎಲ್ಲಿ ನಿಲ್ಲಬೇಕೆಂದು ಹೇಳುವುದು. ಟ್ರೆಟಿನಾಯಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1971ರಲ್ಲಿ ಅನುಮತಿ ದೊರೆತದ್ದು ಮೊಡವೆಗಾಗಿ. ಅದು ಬಿಸಿಲಿನಿಂದ ಹಾನಿಗೊಂಡ ಚರ್ಮವನ್ನು ಸುಧಾರಿಸುತ್ತದೆಂದು ಮಿಷಿಗನ್ ವಿಶ್ವವಿದ್ಯಾನಿಲಯದ ತಜ್ಞರು 1988ರಲ್ಲಿ ವರದಿ ಮಾಡಿದರು. ಸಣ್ಣ ಸುಕ್ಕುಗಳಿಗೆ ಬಳಸಲು ಅನುಮತಿ ಬಂದುದು 1995ರ ಕೊನೆಯಲ್ಲಿ. ಅನುಮತಿಗೆ ಮುನ್ನವೇ ಸುಕ್ಕಿನ ಹೆಸರಿನಲ್ಲಿ ಪ್ರಚಾರ ನಡೆಯಿತೇ ಎಂಬ ತನಿಖೆಯ ವೇಳೆ ದಾಖಲೆಗಳನ್ನು ನಾಶಪಡಿಸಿದ ತಪ್ಪಿಗಾಗಿ ತಯಾರಕ ಕಂಪನಿಯು ಅದೇ ವರ್ಷ ದಂಡ ಹಾಗೂ ವೆಚ್ಚ ಸೇರಿ 75 ಲಕ್ಷ ಡಾಲರ್ ತೆರಬೇಕಾಯಿತು. 2014ರಲ್ಲಿ ಲೋರಿಯಲ್‌ನ ಅಮೆರಿಕ ಶಾಖೆಯು, ಎರಡು ಲೇಪನಗಳು ವಂಶವಾಹಿಗಳ ಚಟುವಟಿಕೆಯನ್ನು ಹೆಚ್ಚಿಸುತ್ತವೆಂದು ಸಾಕಷ್ಟು ಆಧಾರವಿಲ್ಲದೆ ಪ್ರಚಾರ ಮಾಡಿತೆಂಬ ದೂರನ್ನು ಫೆಡರಲ್ ಟ್ರೇಡ್ ಕಮಿಷನ್‌ನೊಡನೆ ರಾಜಿಯ ಮೂಲಕ ಇತ್ಯರ್ಥಪಡಿಸಿಕೊಂಡಿತು.

ನಮ್ಮ ದೇಶದ ಕಾನೂನು

ಈ ಸಂಗತಿಗಳು ನಮ್ಮ ಉದ್ದಿಮೆದಾರರಿಗೂ ಅನ್ವಯಿಸುತ್ತವೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯು ಸೌಂದರ್ಯವರ್ಧಕವೆಂದರೆ ಶುಚಿಗೊಳಿಸುವ, ಅಂದಗೊಳಿಸುವ, ರೂಪವನ್ನು ಬದಲಿಸುವ ವಸ್ತುವೆಂದು ಹೇಳುತ್ತದೆ. ಚಿಕಿತ್ಸೆಯ ಮಾತು ಔಷಧಕ್ಕೆ ಸೇರಿದುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಅನುಮೋದಕರಿಗೂ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅನುಮೋದಕರಿಗೂ ಕಂಪನಿಗೂ ಆರ್ಥಿಕ ಸಂಬಂಧವಿದ್ದರೆ ಅದನ್ನು ಪ್ರಕಟಿಸಬೇಕೆಂದು 2022ರ ಮಾರ್ಗಸೂಚಿ ವಿಧಿಸುತ್ತದೆ. ವೈದ್ಯರ ವೃತ್ತಿನೀತಿ ಕುರಿತ 2002ರ ನಿಯಮಾವಳಿಗೆ 2009ರಲ್ಲಿ ಆದ ತಿದ್ದುಪಡಿಯು, ಔಷಧ ಹಾಗೂ ಸಂಬಂಧಿತ ಆರೋಗ್ಯ ಉದ್ದಿಮೆಗಳಿಗೆ ವೈದ್ಯರು ಸಲಹೆಗಾರರಾಗಿರಲು ಅವಕಾಶ ನೀಡುತ್ತದೆ. ಆದರೆ ಉತ್ಪನ್ನವನ್ನು ಬಹಿರಂಗವಾಗಿ ಅನುಮೋದಿಸುವುದನ್ನು ನಿಷೇಧಿಸುತ್ತದೆ. ಸಲಹೆ ಬೇರೆ, ಹೆಸರಿನ ಬಳಕೆ ಬೇರೆ ಎಂಬ ವಿವೇಕವು ಈ ನಿಯಮದಲ್ಲಿಯೇ ಅಡಗಿದೆ.

ಒಡಂಬಡಿಕೆಯಲ್ಲಿ ಇರಬೇಕಾದುದು

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ಮೊದಲ ವರ್ಷ 4 ಕೋಟಿ ರೂಪಾಯಿ ಮಾರಾಟ ನಿರೀಕ್ಷಿಸುವ ಕಂಪನಿಯೊಂದು ಸಲಹೆಗಾರರಿಗೆ ಮಾರಾಟದ ಶೇ. 3 ಕೊಡಲು ಒಪ್ಪಿದೆಯೆನ್ನೋಣ. ಅದು 12 ಲಕ್ಷ ರೂಪಾಯಿ. ಪರೀಕ್ಷೆಯ ಫಲಿತಾಂಶ ಸಮಾಧಾನಕರವಾಗಿಲ್ಲ, ಬಿಡುಗಡೆಯನ್ನು ಆರು ತಿಂಗಳು ಮುಂದೂಡಿರಿ ಎಂದು ಅವರು ಹೇಳಬೇಕಾದರೆ, ತಮ್ಮ ಕೈಯಿಂದಲೇ 6 ಲಕ್ಷ ಕಳೆದುಕೊಳ್ಳಲು ಸಿದ್ಧರಿರಬೇಕು. ಅದೇ ವರ್ಷಕ್ಕೆ 6 ಲಕ್ಷದ ನಿಗದಿತ ಗೌರವಧನವಿದ್ದರೆ, 'ಬೇಡ' ಎನ್ನಲು ಅವರಿಗೆ ಒಂದು ರೂಪಾಯಿಯ ನಷ್ಟವೂ ಇಲ್ಲ. ಎರಡನೆಯ ಏರ್ಪಾಡು ಕಂಪನಿಗೆ ಅಗ್ಗ ಮಾತ್ರವಲ್ಲ, ಸುರಕ್ಷಿತವೂ ಹೌದು.

ಆದುದರಿಂದ ಒಡಂಬಡಿಕೆಯಲ್ಲಿ ಈ ಅಂಶಗಳಿರುವುದು ಲೇಸು: ಸಂಭಾವನೆ ನಿಗದಿತವಾಗಿದ್ದು ಮಾರಾಟಕ್ಕೆ ತಳಕು ಹಾಕಿಕೊಂಡಿರಬಾರದು. ಪ್ರತಿಕೂಲ ಅಭಿಪ್ರಾಯವೂ ಸಭೆಯ ನಡವಳಿಯಲ್ಲಿ ದಾಖಲಾಗಬೇಕು. ಹೆಸರು ಬಳಸುವುದಾದರೆ ಮುದ್ರಣಕ್ಕೆ ಹೋಗುವ ಒಕ್ಕಣೆಗೆ ಪ್ರತಿ ಬಾರಿಯೂ ಲಿಖಿತ ಒಪ್ಪಿಗೆ ಪಡೆಯಬೇಕು. ಷೇರು ಕೊಟ್ಟಿದ್ದರೆ ಅದನ್ನು ಪ್ರಕಟಿಸಬೇಕು. ಪ್ರತಿಯೊಂದು ಹೇಳಿಕೆಗೂ ಆಧಾರವಾದ ಪರೀಕ್ಷಾ ವರದಿಯನ್ನು ಪ್ರತ್ಯೇಕ ಕಡತದಲ್ಲಿ ಇಡಬೇಕು.

ಲೆಕ್ಕಪತ್ರದಲ್ಲಿಯೂ ಎಚ್ಚರ ಬೇಕು. ಎ.ಎಸ್. 26 ಮತ್ತು ಇಂಡ್ ಎ.ಎಸ್. 38 ಮಾನದಂಡಗಳ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಆಯಾ ವರ್ಷದ ಲಾಭನಷ್ಟ ಖಾತೆಗೇ ಹಾಕಬೇಕು. ಸಲಹೆಗಾರರ ಗೌರವಧನವು ಸಂಶೋಧನೆಯ ಖಾತೆಯಲ್ಲಿದೆಯೋ ಜಾಹೀರಾತಿನ ಖಾತೆಯಲ್ಲಿದೆಯೋ ಎಂದು ನಿರ್ದೇಶಕರು ವರ್ಷಕ್ಕೊಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಜಾಹೀರಾತಿನ ಖಾತೆಯಲ್ಲಿ ಇರಬೇಕಾದುದೇ ಅದು ಎಂಬ ಉತ್ತರ ಬಂದರೆ, ಕಂಪನಿಯು ಕೊಂಡಿರುವುದು ಸಲಹೆಯನ್ನಲ್ಲ, ಹೆಸರನ್ನು ಮಾತ್ರ. ಅಂತಹ ಹೆಸರು ಒಂದು ಪತ್ರಿಕಾ ವರದಿಗೆ ಎಷ್ಟು ದಿನ ನಿಲ್ಲುತ್ತದೆಂಬುದನ್ನು ಬಾಲ್ಟಿಮೋರ್ ಪ್ರಕರಣ ಈಗಾಗಲೇ ತಿಳಿಸಿದೆ.