ಕೌಪೀನಕ್ಕೊಂದು ಬೆಕ್ಕು, ಗಾಡಿಗೊಂದು ಬುಲ್‌ಬಾರ್

ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯ ಪೂರ್ವದ ಅಂಚಿನಲ್ಲಿ ಬರ್ಡ್ಸ್‌ವಿಲ್ ಎಂಬ ಊರಿದೆ. ನೂರು ಚಿಲ್ಲರೆ ಜನ, 1884ರ ಒಂದು ಹಳೆಯ ಹೋಟೆಲು, ಒಂದು ಪೊಲೀಸ್ ಠಾಣೆ. ನಮಗೆ ಮಳೆ ಹಿಡಿಯುವ ಜೂನ್–ಜುಲೈ ಅಲ್ಲಿ ಚಳಿಗಾಲ. ಮರುಭೂಮಿ ದಾಟಲು ಹೊರಟವರು ಬಂದಿಳಿಯುವುದು ಆಗಲೇ. ಹೋಟೆಲಿನ ಮುಂದೆ ನಿಂತ ಅವರ ಗಾಡಿಗಳಲ್ಲಿ ಒಂದನ್ನು ಮೂತಿಯಿಂದ ಬಾಲದವರೆಗೆ ನೋಡುತ್ತ ಬನ್ನಿ. ಮುಂದೆ ಕಬ್ಬಿಣದ ಬುಲ್‌ಬಾರ್, ಅದರ ಹೊಟ್ಟೆಯಲ್ಲಿ ಹಗ್ಗ ಸುತ್ತಿಕೊಂಡ ವಿಂಚ್. ಬಾನೆಟ್ಟಿನ ಪಕ್ಕದಿಂದ ಹೊರಟು ಸೂರಿನವರೆಗೆ ಏರಿದ, ಆನೆಯ ಸೊಂಡಿಲಿನಂಥ ಕೊಳವೆ. ಸೂರಿನ ಮೇಲೆ ಮಡಚಿಟ್ಟ ಡೇರೆ, ಪಕ್ಕದಲ್ಲಿ ಸುರುಳಿ ಸುತ್ತಿದ ನೆರಳಿನ ಬಟ್ಟೆ. ಹಿಂಬಾಗಿಲು ತೆಗೆದರೆ ಡ್ರಾಯರುಗಳು, ಫ್ರಿಜ್ಜು, ಒಲೆ, ನೀರಿನ ಟ್ಯಾಂಕಿಗೊಂದು ನಲ್ಲಿ. ಎರಡು ಸ್ಟೆಪ್ನಿ. ಕೆಳಗೆ ಬಗ್ಗಿ ನೋಡಿದರೆ ಕಂಪನಿ ಕೊಟ್ಟ ಸ್ಪ್ರಿಂಗೂ ಇಲ್ಲ, ಕಂಪನಿ ಕೊಟ್ಟ ಡೀಸೆಲ್ ಟ್ಯಾಂಕೂ ಇಲ್ಲ, ಎರಡೂ ಬದಲಾಗಿವೆ.

ಇದನ್ನು ನೋಡಿದಾಗ ನನಗೆ ನೆನಪಾಗುವುದು ನಮ್ಮ ಅಜ್ಜಿಯರು ಹೇಳುತ್ತಿದ್ದ ಸನ್ಯಾಸಿಯ ಕಥೆ. ಕೌಪೀನವನ್ನು ಇಲಿ ಕಡಿಯುತ್ತದೆಂದು ಬೆಕ್ಕು ಸಾಕಿದ. ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ. ಹಸುವಿಗೆ ಮೇವಿಗೆಂದು ಹೊಲ, ಹೊಲ ನೋಡಿಕೊಳ್ಳಲು ಹೆಂಡತಿ, ಆಮೇಲೆ ಮಕ್ಕಳು. ಬರ್ಡ್ಸ್‌ವಿಲ್‌ನಲ್ಲಿ ನಿಂತಿರುವುದು ಆ ಕಥೆಯ ಕೊನೆಯ ಪುಟ. ಅದರ ಮೊದಲ ಪುಟದಲ್ಲಿದ್ದವನು ಮಾತ್ರ ನಿಜಕ್ಕೂ ಸನ್ಯಾಸಿಯಂಥ ಮನುಷ್ಯ.

ಅವನ ಹೆಸರು ರಾಲ್ಫ್ ಬ್ಯಾಗ್‌ನೋಲ್ಡ್. ಬ್ರಿಟಿಷ್ ಸೇನೆಯ ಸಿಗ್ನಲ್ಸ್ ವಿಭಾಗದ ಅಧಿಕಾರಿ. 1920ರ ದಶಕದ ಉತ್ತರಾರ್ಧದಲ್ಲಿ ಕೈರೋದಲ್ಲಿದ್ದಾಗ ರಜೆ ಸಿಕ್ಕಿದರೆ ಸಾಕು, ಗೆಳೆಯರೊಂದಿಗೆ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರಳಿನತ್ತ ಹೊರಡುತ್ತಿದ್ದ. ಅವು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗಾಡಿಗಳಲ್ಲ. ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತಿದ್ದ ಸಾದಾ ಕಾರುಗಳು. ಅವನು ಮಾಡಿದ ಮೊದಲ ಮಾರ್ಪಾಟು ಸೇರಿಸುವುದಲ್ಲ, ಕಳಚುವುದು. ತೂಕವೆನಿಸಿದ್ದನ್ನೆಲ್ಲ ತೆಗೆದು, ಹಿಂದೆ ಮರದ ಪೆಟ್ಟಿಗೆಯೊಂದನ್ನು ಕೂರಿಸಿದ. ಉಳಿದ ಜಾಗ ಪೆಟ್ರೋಲಿಗೆ ಮತ್ತು ನೀರಿಗೆ.

ನೀರಿನ ವಿಷಯದಲ್ಲಿ ಅವನ ಬುದ್ಧಿವಂತಿಕೆ ನೋಡಬೇಕು. ಆ ಕಾಲದ ರೇಡಿಯೇಟರ್ ಕುದಿದರೆ ನೀರೆಲ್ಲ ಆವಿಯಾಗಿ ಗಾಳಿಗೆ ಹೋಗುತ್ತಿತ್ತು. ಮರಳುಗಾಡಿನಲ್ಲಿ ಎಂಜಿನ್ನು ಕುಡಿಯುವ ನೀರೂ ಮನುಷ್ಯ ಕುಡಿಯುವ ನೀರೂ ಒಂದೇ ಡಬ್ಬದ್ದು. ಬ್ಯಾಗ್‌ನೋಲ್ಡ್ ರೇಡಿಯೇಟರಿನ ಬಾಯಿಂದ ಒಂದು ಕೊಳವೆ ಎಳೆದು, ಅರ್ಧ ನೀರು ತುಂಬಿದ ಡಬ್ಬದೊಳಕ್ಕೆ ಬಿಟ್ಟ. ಆವಿ ಅಲ್ಲಿ ತಣಿದು ಮತ್ತೆ ನೀರಾಗುತ್ತಿತ್ತು. ಡಬ್ಬವೂ ಕುದಿಯಲು ಶುರುವಾದರೆ ಗಾಡಿಯ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸುವುದು. ಎಂಜಿನ್ ತಣ್ಣಗಾಗುತ್ತಿದ್ದಂತೆ ರೇಡಿಯೇಟರು ತನ್ನ ನೀರನ್ನು ತಾನೇ ಹೀರಿಕೊಳ್ಳುತ್ತಿತ್ತು. ಮರಳಿನಲ್ಲಿ ಹೂತ ಚಕ್ರವನ್ನು ಎತ್ತಲು ಕೈರೋದ ಗುಜರಿ ಅಂಗಡಿಯಿಂದ ಉಕ್ಕಿನ ತಗಡಿನ ದೋಣಿಗಳನ್ನು ತಂದ. ಮೊದಲ ಮಹಾಯುದ್ಧದಲ್ಲಿ ಕಂದಕಗಳಿಗೆ ಸೂರು ಹಾಕಲೆಂದು ಮಾಡಿದ್ದವು ಅವು. ಗಾಡಿಯ ಕಬ್ಬಿಣಕ್ಕೆ ದಿಕ್ಸೂಚಿ ದಾರಿ ತಪ್ಪುತ್ತದೆಂದು ಸೂರ್ಯನ ನೆರಳು ನೋಡಿ ದಿಕ್ಕು ಹಿಡಿಯುವ ಸಾಧನವನ್ನು ರೂಪಿಸಿದ. ಟೈರಿನ ಗಾಳಿ ಇಳಿಸಿದರೆ ಮರಳು ಗಾಡಿಯನ್ನು ಹೊರುತ್ತದೆ ಎಂಬುದನ್ನೂ ಅವರು ಅಲ್ಲೇ ಕಂಡುಕೊಂಡರು. 1940ರಲ್ಲಿ ಅವನೇ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೇನಾ ತುಕಡಿಯ ಲಾರಿಗಳಿಗೆ ಬಾಗಿಲೂ ಇರಲಿಲ್ಲ, ಮೇಲ್ಮುಚ್ಚಿಗೆಯೂ ಇರಲಿಲ್ಲ. ಮರುವರ್ಷ ಹಾರುವ ಮರಳಿನ ಭೌತಶಾಸ್ತ್ರದ ಮೇಲೆ ಅವನು ಬರೆದ ಪುಸ್ತಕ ಎಷ್ಟು ಗಟ್ಟಿಯದೆಂದರೆ, ಮಂಗಳ ಗ್ರಹದ ದಿಬ್ಬಗಳನ್ನು ಅರಿಯಲು ನಾಸಾದವರೂ ಅದನ್ನೇ ತಿರುವಿದರು. ಅಲ್ಲಿನ ಒಂದು ದಿಬ್ಬಸಾಲಿಗೆ ಈಗ ಅವನದೇ ಹೆಸರು.

ಆಸ್ಟ್ರೇಲಿಯಾದ ಒಳನಾಡಿಗೆ ಇದೇ ಪಾಠವನ್ನು ಬೇರೆ ಮೇಷ್ಟರು ಹೇಳಿಕೊಟ್ಟರು. ಮೋಟಾರು ಬರುವ ಮೊದಲು ಅಲ್ಲಿ ಸಾಮಾನು ಹೊತ್ತದ್ದು ಒಂಟೆ. ಒಂಟೆಯ ಜೊತೆ ಹೋದವರನ್ನು ಅಲ್ಲಿನವರು ಒಟ್ಟಾರೆ ‘ಅಫ್ಘನ್ನರು’ ಎಂದರೂ ಬಲೂಚಿಸ್ತಾನ, ಸಿಂಧ್, ಪಂಜಾಬಿನವರು ಅವರಲ್ಲಿ ಅನೇಕರಿದ್ದರು. ಮುಂದೆ ಅವರು ನಡೆದ ಜಾಡಿನಲ್ಲೇ ಲಾರಿ ಬಂತು. 1936ರಿಂದ ಸುಮಾರು ಎರಡು ದಶಕ ಮಾರಿ ಎಂಬ ಊರಿನಿಂದ ಬರ್ಡ್ಸ್‌ವಿಲ್‌ಗೆ, ಸುಮಾರು 500 ಕಿ.ಮೀ., ಟಪಾಲು ಹೊತ್ತವನು ಟಾಮ್ ಕ್ರೂಸ್. ಹಾಲಿವುಡ್ ನಟನಲ್ಲ, ಅವನಿಗಿಂತ ಹಿರಿಯ. ಅವನ ಲೇಲ್ಯಾಂಡ್ ಬ್ಯಾಜರ್ ಲಾರಿ ಮರಳು ದಿಬ್ಬದಲ್ಲಿ ನಿಂತರೆ ಚಕ್ರದ ಮುಂದೆ ಕಬ್ಬಿಣದ ತಗಡು ಹಾಸುವುದು, ನಾಲ್ಕು ಮಾರು ಹೋಗುವುದು, ಹಿಂದಿನ ತಗಡು ತಂದು ಮತ್ತೆ ಮುಂದೆ ಹಾಸುವುದು. 1954ರ ‘ದ ಬ್ಯಾಕ್ ಆಫ್ ಬಿಯಾಂಡ್’ ಸಾಕ್ಷ್ಯಚಿತ್ರದಿಂದ ಅವನು ಜಗತ್ತಿಗೆ ಗೊತ್ತಾದ. ಇಂದಿನ ಗಾಡಿಗಳ ಪಕ್ಕಕ್ಕೆ ಬಿಗಿದಿರುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಲಗೆಗಳು ಟಾಮ್‌ನ ಆ ತಗಡುಗಳ ಮೊಮ್ಮಕ್ಕಳು.

ಆ ದಾರಿಯಲ್ಲಿ ಮರೆಯಬಾರದ್ದು ಇನ್ನೊಂದಿದೆ. 1963ರ ಡಿಸೆಂಬರಿನಲ್ಲಿ, ಕಡುಬೇಸಿಗೆಯಲ್ಲಿ, ಐವರ ಕುಟುಂಬವೊಂದು ಬರ್ಡ್ಸ್‌ವಿಲ್ ಹಾದಿಯಲ್ಲಿ ದಾರಿ ತಪ್ಪಿತು. ಪೆಟ್ರೋಲ್ ಮುಗಿಯಿತು, ನೀರು ಮುಗಿಯಿತು. ಐವರೂ ಸತ್ತರು. ಎರಡನೇ ಟ್ಯಾಂಕು, ನೀರಿನ ಟ್ಯಾಂಕು, ದೂರ ಸಂಪರ್ಕದ ರೇಡಿಯೊ ಇವುಗಳನ್ನು ಶೋಕಿ ಎಂದು ನಗುವ ಮೊದಲು ನಾನು ಆ ಕುಟುಂಬವನ್ನು ನೆನೆಯುತ್ತೇನೆ.

ಈ ನಡುವೆ ಲ್ಯಾಂಡ್ ಕ್ರೂಸರ್ ಬಂತು. ಜಪಾನಿನಲ್ಲಿ 1951ರಲ್ಲಿ ‘ಟೊಯೊಟಾ ಜೀಪ್ ಬಿಜೆ’ ಎಂಬ ಹೆಸರಲ್ಲಿ ಹುಟ್ಟಿ, ಆ ವರ್ಷವೇ ಫ್ಯೂಜಿ ಪರ್ವತದ ಆರನೇ ಹಂತದವರೆಗೆ ಹತ್ತಿದ ಗಾಡಿ ಅದು. ಜೀಪ್ ಎಂಬ ಹೆಸರಿಗೆ ಬೇರೆ ವಾರಸುದಾರರಿದ್ದ ಕಾರಣ 1954ರಲ್ಲಿ ಹೊಸ ನಾಮಕರಣವಾಯಿತು. ಆಗ ಆಸ್ಟ್ರೇಲಿಯಾದ ಸ್ನೋಯಿ ಪರ್ವತಗಳಲ್ಲಿ ದೊಡ್ಡ ಜಲವಿದ್ಯುತ್ ಯೋಜನೆ ನಡೆಯುತ್ತಿತ್ತು. ಅಲ್ಲಿನ ಗುತ್ತಿಗೆದಾರ ಲೆಸ್ಲಿ ಥೀಸ್ 1950ರ ದಶಕದ ಕೊನೆಯಲ್ಲಿ ಈ ಗಾಡಿಗಳನ್ನು ಕೆಲಸಕ್ಕೆಂದು ತರಿಸಿದ. ಆಮೇಲೆ ತಾನೇ ಮಾರಾಟಕ್ಕೂ ಇಳಿದ. ಯುದ್ಧ ಮುಗಿದು ಹದಿನೈದು ವರ್ಷವೂ ಆಗಿರದಿದ್ದಾಗ ಜಪಾನಿನ ಗಾಡಿ ಆಸ್ಟ್ರೇಲಿಯಾದ ರೈತನ ಅಂಗಳದಲ್ಲಿ ಬಂದು ನಿಂತದ್ದು ಸಣ್ಣ ಮಾತಲ್ಲ. ಅದಕ್ಕೆ ಅದರ ಎಂಜಿನ್ನಿನ ಶಕ್ತಿ ಕಾರಣವೇ ಹೊರತು ಯಾರ ಜಾಹೀರಾತೂ ಅಲ್ಲ.

ಆದರೆ ಸಿಂಪ್ಸನ್ ಮರುಭೂಮಿಯನ್ನು ಮೊದಲು ದಾಟಿದ ಮೋಟಾರು ಗಾಡಿ ಲ್ಯಾಂಡ್ ಕ್ರೂಸರ್ ಅಲ್ಲ, ನಿಸಾನ್ ಪಟ್ರೋಲ್. 1962ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ದಾರಿಯುದ್ದಕ್ಕೂ ಭೂಮಿಯ ಗುರುತ್ವವನ್ನು ಅಳೆಯುತ್ತ, ಸಾವಿರಕ್ಕೂ ಮಿಕ್ಕಿದ ಮರಳು ದಿಬ್ಬಗಳನ್ನು ಹತ್ತಿಳಿದ. ಎಡಿಯಾಕರಾ ಬೆಟ್ಟಗಳಲ್ಲಿ ಸಂಕೀರ್ಣ ಬಹುಕೋಶ ಜೀವಿಗಳ ಬಹಳ ಹಳೆಯ ಪಳೆಯುಳಿಕೆಗಳನ್ನು 1946ರಲ್ಲಿ ಗುರುತಿಸಿದವನೂ ಇವನೇ. ಅವನ ಗಾಡಿಗೆ ಸೂರಿನ ಮೇಲಿನ ಡೇರೆ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ.

ಹಾಗಾದರೆ ಹೇರುವುದು ಶುರುವಾದದ್ದು ಎಲ್ಲಿಂದ? ನನ್ನ ಲೆಕ್ಕದಲ್ಲಿ ಕಾಂಗರೂವಿನಿಂದ.

ಮುಸ್ಸಂಜೆಯಲ್ಲಿ ಪೊದೆಯಿಂದ ದಾರಿಗೆ ನೆಗೆಯುವ ಕಾಂಗರೂ ಗಾಡಿಯ ಮೂತಿಗೆ ಬಡಿದರೆ ಒಡೆಯುವುದು ರೇಡಿಯೇಟರು. ಮುಂದಿನ ಊರು 300 ಕಿ.ಮೀ. ದೂರದಲ್ಲಿದ್ದರೆ ರೇಡಿಯೇಟರ್ ಒಡೆದ ಗಾಡಿ ಬರೀ ತಗಡು. ಅದಕ್ಕೇ ಹಳ್ಳಿಯ ವೆಲ್ಡರುಗಳು ಪೈಪು ಬೆಸೆದು ಮುಂದೆ ಅಡ್ಡಗಟ್ಟಿದರು. 1970ರ ದಶಕದ ಮೊದಲಿಗೆ ಟೋನಿ ಬ್ರೌನ್ ಎಂಬವನು ಉತ್ತರ ಆಸ್ಟ್ರೇಲಿಯಾ ಸುತ್ತುವಾಗ ಇಂಥ ಬಾರ್‌ಗಳೂ ಸೂರಿನ ಕ್ಯಾರಿಯರುಗಳೂ ಕುಲುಕಾಟಕ್ಕೆ ಬಿರುಕು ಬಿಡುವುದನ್ನು ಕಂಡು, ಊರಿಗೆ ಮರಳಿ 1975ರಲ್ಲಿ ಮೆಲ್ಬರ್ನ್‌ನಲ್ಲಿ ತಾನೇ ತಯಾರಿಸಲು ತೊಡಗಿದ. ಅವನ ಪೂರ್ಣ ಹೆಸರಿನ ಮೂರು ಮೊದಲಕ್ಷರಗಳೇ ಇಂದು ಜಗತ್ತಿನಾದ್ಯಂತ ಮಾರಾಟವಾಗುವ ಎಆರ್‌ಬಿ. ಗುಡಿಕೈಗಾರಿಕೆ ಕಾರ್ಖಾನೆಯಾದದ್ದು ಹೀಗೆ.

ಇಲ್ಲಿಗೆ ಬೆಕ್ಕು ಬಂತು. ಉಕ್ಕಿನ ಬುಲ್‌ಬಾರ್ ಸುಮಾರು 70 ಕೆ.ಜಿ. ವಿಂಚಿನದು ಇನ್ನೊಂದು 35. ಇಷ್ಟು ಭಾರ ಮುಂದಿನ ಅಚ್ಚಿಗಿಂತಲೂ ಮುಂದೆ ತೂಗಿದರೆ ಗಾಡಿ ಮೂತಿ ತಗ್ಗಿಸುತ್ತದೆ, ಹೆಡ್‌ಲೈಟ್ ನೆಲ ನೋಡುತ್ತದೆ. ಗಟ್ಟಿ ಸ್ಪ್ರಿಂಗ್ ಬೇಕು. ಗಟ್ಟಿ ಸ್ಪ್ರಿಂಗಿಗೆ ತಕ್ಕ ಶಾಕ್ ಅಬ್ಸಾರ್ಬರ್ ಬೇಕು. ಗಾಡಿ ಎತ್ತರವಾಯಿತಲ್ಲ, ಜಾಗ ಇದೆ ಎಂದು ದೊಡ್ಡ ಟೈರು. ದೊಡ್ಡ ಟೈರಿಗೆ ಎಂಜಿನ್ ಏದುಸಿರು ಬಿಡುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಅದಕ್ಕೆ ದೊಡ್ಡ ಟ್ಯಾಂಕು. ತುಂಬಿದ ಟ್ಯಾಂಕು ಹಿಂಬದಿಯನ್ನು ಜಗ್ಗುತ್ತದೆ. ಮತ್ತೆ ಸ್ಪ್ರಿಂಗು.

ಎಲ್ಲ ಮಾರ್ಪಾಟೂ ಹೀಗೆ ಎಂದರೆ ಅನ್ಯಾಯ. ಆ ಸೊಂಡಿಲನ್ನೇ ನೋಡಿ. ಎಂಜಿನ್ ಉಸಿರೆಳೆಯುವ ಬಾಯಿ ಮಡ್‌ಗಾರ್ಡಿನ ಮರೆಯಲ್ಲಿರುತ್ತದೆ. ಆಸ್ಟ್ರೇಲಿಯಾದ ಉತ್ತರ ತುದಿಯ ಕೇಪ್ ಯಾರ್ಕಿನ ಹೊಳೆ ದಾಟುವಾಗ ಅಲ್ಲಿಗೆ ನೀರು ನುಗ್ಗಿದರೆ ಮುಗಿಯಿತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ತಡೆದು ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ಗುಟುಕಿಗೆ ಎಂಜಿನ್ನೇ ಹೋಗುತ್ತದೆ. ಕೊಳವೆ ಆ ಬಾಯನ್ನು ಸೂರಿಗೆ ಎತ್ತುತ್ತದೆ, ಧೂಳೂ ಕಡಿಮೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕೆಲಸವಿದೆ, ಯಾರ ಕಣ್ಣಿಗೂ ಬೀಳದ್ದು. ಹಗಲೆಲ್ಲ ಓಡಿ ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ಸಣ್ಣ ರಂಧ್ರದಿಂದ ಹೊಳೆನೀರನ್ನೇ ಹೀರುತ್ತದೆ. ಗೇರು ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಆ ರಂಧ್ರಕ್ಕೆ ಒಂದು ಉದ್ದನೆಯ ರಬ್ಬರ್ ಕೊಳವೆ ಸಿಕ್ಕಿಸಿ ಎಂಜಿನ್ ಮನೆಯವರೆಗೆ ಎಳೆದರೆ ಸಾಕು. ಖರ್ಚು ಪುಡಿಗಾಸು. ನಿಜವಾದ ಕಸುಬುದಾರನನ್ನು ನಾನು ಗುರುತಿಸುವುದು ಬುಲ್‌ಬಾರಿನಿಂದಲ್ಲ, ಈ ಕೊಳವೆಯಿಂದ.

ಫ್ರಿಜ್ಜಿನ ಕಥೆ ಇದಕ್ಕೆ ತದ್ವಿರುದ್ಧ. 1890ರ ದಶಕದಲ್ಲಿ ಕೂಲ್ಗಾರ್ಡಿಯ ಚಿನ್ನದ ಗಣಿಯವರು ಪೆಟ್ಟಿಗೆಗೆ ಗೋಣಿತಾಟು ಹೊದಿಸಿ, ಮೇಲಿನ ತಟ್ಟೆಯಿಂದ ನೀರು ಜಿನುಗಿಸಿ ಮಾಂಸ, ಬೆಣ್ಣೆಯನ್ನು ತಂಪಾಗಿಡುತ್ತಿದ್ದರು. ನಮ್ಮ ಮಣ್ಣಿನ ಹೂಜಿಯದೇ ವಿದ್ಯೆ. ಮೋಟಾರು ಕಾಲದಲ್ಲಿ ಬಂಪರಿಗೆ ಕ್ಯಾನ್ವಾಸ್ ನೀರಿನ ಚೀಲ ತೂಗುಬಿಟ್ಟರೆ ಓಡುವ ಗಾಳಿಗೆ ನೀರು ತಣ್ಣಗಾಗುತ್ತಿತ್ತು. ಆಮೇಲೆ 12 ವೋಲ್ಟಿನ ಫ್ರಿಜ್ಜು ಬಂತು. ಅದು ರಾತ್ರಿಯಿಡೀ ಬ್ಯಾಟರಿ ಹೀರಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಕೂತಿತು. ಅದಕ್ಕೆ ಎರಡನೇ ಬ್ಯಾಟರಿ. ಎರಡನ್ನೂ ಬೇರ್ಪಡಿಸುವ ಸಾಧನ. ಎರಡು ದಿನ ಒಂದೇ ಕಡೆ ತಂಗಿದರೆ ಚಾರ್ಜ್ ಸಾಲದೆಂದು ಸೋಲಾರ್ ಫಲಕ. ತಣ್ಣಗಿನ ಬಿಯರಿಗಾಗಿ ಒಂದು ಸಣ್ಣ ವಿದ್ಯುತ್ ಮಂಡಳಿ.

ಈಗ ತಕ್ಕಡಿ ತರೋಣ. 200 ಸರಣಿಯ ಲ್ಯಾಂಡ್ ಕ್ರೂಸರಿನ ಗರಿಷ್ಠ ತೂಕ 3,350 ಕೆ.ಜಿ. ಎಂದು ಕಂಪನಿ ಬರೆದಿಟ್ಟಿದೆ. ಖಾಲಿ ಗಾಡಿಯೇ ಸುಮಾರು 2,700. ಉಳಿದದ್ದು 650ರ ಆಸುಪಾಸು. ಐವರು ದೊಡ್ಡವರು ಕೂತರೆ 350 ಹೋಯಿತು. ಬಾರ್, ವಿಂಚ್, 65 ಕೆ.ಜಿ.ಯ ಡೇರೆ, 80 ಕೆ.ಜಿ.ಯ ಡ್ರಾಯರು ಸೇರಿ 250. ಮಿಕ್ಕ 50 ಕೆ.ಜಿ.ಯಲ್ಲಿ ನೀರು, ಫ್ರಿಜ್ಜು, ಎರಡನೇ ಬ್ಯಾಟರಿ, ಎರಡನೇ ಸ್ಟೆಪ್ನಿ, ಅಕ್ಕಿ ಬೇಳೆ ಎಲ್ಲ ಹಿಡಿಸಬೇಕು. ಹಿಡಿಸುವುದಿಲ್ಲ. ಹಾಗೆಂದು ಯಾರೂ ಒಂದನ್ನೂ ಇಳಿಸುವುದಿಲ್ಲ. ಬದಲಿಗೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿಸಿ, ಎಂಜಿನಿಯರಿಂದ ಸರ್ಟಿಫಿಕೇಟ್ ಪಡೆದು, ಕಾಗದದ ಮೇಲಿನ ಗರಿಷ್ಠ ತೂಕವನ್ನೇ ಏರಿಸಿಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಇದೇ ಒಂದು ದೊಡ್ಡ ದಂಧೆ. ಪಿಕಪ್ ಗಾಡಿಗಳ ಹಿಂದಿನ ಅಚ್ಚಿನಾಚೆಗೆ ಭಾರ ಹೇರಿ, ಗುಂಡಿಯಲ್ಲಿ ಕುಕ್ಕಿದಾಗ ಷಾಸಿಯೇ ಬಾಗಿದ ಪ್ರಸಂಗಗಳೂ ಅಲ್ಲಿ ಹೊಸವಲ್ಲ.

ಡೇರೆಯ ಬಗ್ಗೆ ನನಗೆ ತಕರಾರಿದೆ. ಇಟಲಿಯವರು 1958ರಿಂದ ಸೂರಿನ ಡೇರೆ ಮಾಡುತ್ತಿದ್ದಾರೆ. ಸಿಂಹ ಓಡಾಡುವ ಆಫ್ರಿಕಾದಲ್ಲಿ ಎತ್ತರದಲ್ಲಿ ಮಲಗುವುದಕ್ಕೆ ಅರ್ಥವಿದೆ. ಸಿಂಪ್ಸನ್‌ನಲ್ಲಿ ಸಿಂಹವಿಲ್ಲ. ಗಾಡಿಯ ಅತಿ ಎತ್ತರದ ಜಾಗದಲ್ಲಿ 65 ಕೆ.ಜಿ. ಹೊತ್ತರೆ ಓರೆ ದಿಬ್ಬದಲ್ಲಿ ಅದು ವಾಲುತ್ತದೆ. ದನ ಕಾಯುವವರು ತಲೆಮಾರುಗಳಿಂದ ಕ್ಯಾನ್ವಾಸ್ ಹಾಸಿಗೆ ಸುರುಳಿ ಬಿಚ್ಚಿ ನೆಲದ ಮೇಲೇ ಮಲಗಿದ್ದಾರೆ.

ನಮ್ಮ ಮಲೆನಾಡಿನ ಕಾಫಿ ತೋಟದವರಿಗೆ ಇದನ್ನು ಹೇಳಿದರೆ ನಕ್ಕಾರು. ಮಳೆಗಾಲದಲ್ಲಿ ಹಳೆಯ ಮಹೀಂದ್ರ ಜೀಪಿನ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟಿ ಕೆಸರು ಹತ್ತಿಸಿದವರು ಅವರು. ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್‌ಗೆ ಬುಲ್‌ಬಾರ್ ಹಾಕಿಸಿ ಬೆಂಗಳೂರಿನ ರಿಂಗ್ ರಸ್ತೆಯಲ್ಲಿ ನಿಲ್ಲುವವರು ಬೇರೆ ಜಾತಿ. ಅಲ್ಲಿ ಆ ಬಾರಿಗೆ ಎದುರಾಗುವುದು ಕಾಂಗರೂ ಅಲ್ಲ, ನಡೆದು ಹೋಗುವ ಮನುಷ್ಯ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಬಾರ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಡಿ ಕಂಪನಿಯ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದಿತು. ಈ ಒಂದು ವಿಷಯದಲ್ಲಿ ಕಾನೂನಿನ ಪರ ನಾನು.

ಮತ್ತೆ ಬರ್ಡ್ಸ್‌ವಿಲ್‌ಗೆ. ಊರಿನಿಂದ ಪಶ್ಚಿಮಕ್ಕೆ ಹೋದರೆ ಮರುಭೂಮಿಯ ಬಾಗಿಲಿನಂತೆ ‘ಬಿಗ್ ರೆಡ್’ ಎಂಬ ಕೆಂಪು ದಿಬ್ಬ, 40 ಮೀಟರ್ ಎತ್ತರ. ಅದರ ಬುಡದಲ್ಲಿ ಪ್ರತಿ ಗಾಡಿಯೂ ನಿಲ್ಲುತ್ತದೆ. ಇಳಿದವರು ಟೈರಿನ ಪಕ್ಕ ಮಂಡಿಯೂರಿ ವಾಲ್ವ್ ಒತ್ತುತ್ತಾರೆ. ಬುಸ್ಸೆಂದು ಗಾಳಿ ಹೊರಬೀಳುತ್ತದೆ. 35–40 ಪಿಎಸ್‌ಐ ಇದ್ದದ್ದು 16–18ಕ್ಕೆ ಇಳಿಯುತ್ತದೆ. ಟೈರಿನ ಹೆಜ್ಜೆಗುರುತು ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಬೆಳೆಯುತ್ತದೆ, ಭಾರ ಹರಡುತ್ತದೆ, ಮರಳು ಹೊರುತ್ತದೆ. ಇದನ್ನು ಮಾಡದ ಗಾಡಿ, ಮೈಮೇಲೆ ಎಷ್ಟೇ ಲಕ್ಷದ ಸಾಮಾನಿರಲಿ, ಅರ್ಧ ದಿಬ್ಬದಲ್ಲಿ ಹೂತು ಕೂರುತ್ತದೆ. ಬ್ಯಾಗ್‌ನೋಲ್ಡ್‌ನ ಕಾಲದಿಂದ ಉಳಿದುಬಂದ ಏಕೈಕ ಪುಕ್ಕಟೆ ಮಾರ್ಪಾಟು ಇದು.

ಆದರೆ ಮರಳು ದಾಟಿದ ಮೇಲೆ ಆ ಗಾಳಿಯನ್ನು ಮತ್ತೆ ತುಂಬಬೇಕಲ್ಲ. ಅದಕ್ಕೆಂದು ಬಾನೆಟ್ಟಿನೊಳಗೆ ಒಂದು ಕಂಪ್ರೆಸರ್ ಕೂರಿಸಿರುತ್ತಾರೆ. ಕೊಳವೆ ಸಮೇತ ಐದಾರು ಕೆ.ಜಿ.