ಗಾಯದಲ್ಲಿ ಹುಳು: ಯಾವುದು ಮದ್ದು, ಯಾವುದು ಅಪಾಯ?

ಮಾಯದ ಹುಣ್ಣಿನಲ್ಲಿ ಹುಳು ಕಂಡರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಹುಳುಗಳನ್ನೇ ಗಾಯದಲ್ಲಿ ಬಿಟ್ಟು ಚಿಕಿತ್ಸೆ ಮಾಡುವ ಪದ್ಧತಿಯೂ ವೈದ್ಯಶಾಸ್ತ್ರದಲ್ಲಿದೆ. ಹಾಗಾದರೆ ತಾವಾಗಿ ಬಿದ್ದ ಹುಳುಗಳನ್ನು ಹಾಗೆಯೇ ಬಿಡಬಹುದೇ? ಖಂಡಿತ ಕೂಡದು.

ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಗಾಯಗೊಂಡ ಇಬ್ಬರು ಸೈನಿಕರು ಏಳು ದಿನ ಅನ್ನ ನೀರಿಲ್ಲದೆ ರಣರಂಗದಲ್ಲೇ ಬಿದ್ದಿದ್ದರು. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಬೇರ್ ನೋಡಿದಾಗ ಗಾಯದ ತುಂಬ ಹುಳು. ತೊಳೆದು ತೆಗೆದರೆ ಅಡಿಯಲ್ಲಿ ಕೆಂಪಗಿನ ಹೊಸ ಮಾಂಸ! ಮುಂದೆ ಅವರು ಮೂಳೆಯ ಸೋಂಕಿದ್ದ ಮಕ್ಕಳಿಗೆ ಈ ಚಿಕಿತ್ಸೆ ನೀಡಿದರು. ಆದರೆ ಕೆಲವು ರೋಗಿಗಳಿಗೆ ಹುಳುಗಳಿಂದ ಧನುರ್ವಾಯು ತಗುಲಿತು. ಆ ಬಳಿಕ ಅವರು ಕ್ರಿಮಿಶುದ್ಧ ಮಾಡಿದ ಹುಳುಗಳನ್ನೇ ಬಳಸತೊಡಗಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ಈ ಪದ್ಧತಿ ಮರೆಯಾಯಿತು. ಔಷಧಿಗೆ ಬಗ್ಗದ ರೋಗಾಣುಗಳು ಹೆಚ್ಚಿದಂತೆ ಮರಳಿ ಬಂತು. 2004ರಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿತು.

ಚಿಕಿತ್ಸೆಗೆ ಬಳಸುವುದು ಲೂಸಿಲಿಯಾ ಸೆರಿಕಾಟಾ ಎಂಬ ಹಸಿರು ನೊಣದ ಮರಿಗಳನ್ನು. ಪ್ರಯೋಗಾಲಯದಲ್ಲಿ ಮೊಟ್ಟೆಗಳನ್ನು ಶುದ್ಧಮಾಡಿ ಮರಿ ಮಾಡಿಸುತ್ತಾರೆ. ಇವುಗಳ ಜೊಲ್ಲು ಸತ್ತ ಮಾಂಸವನ್ನು ಕರಗಿಸುತ್ತದೆ. ಹುಳುಗಳು ಅದನ್ನು ಹೀರುತ್ತವೆ. ಎರಡು ಮೂರು ದಿನಗಳ ನಂತರ ವೈದ್ಯರೇ ಅವನ್ನು ತೆಗೆದುಹಾಕುತ್ತಾರೆ. ಇದು ಪವಾಡವೇನಲ್ಲ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಕಾಲಿನ ಹುಣ್ಣು ಬೇಗ ಶುದ್ಧವಾಯಿತು, ಆದರೆ ಬೇಗ ಮಾಯಲಿಲ್ಲ. ನೋವೂ ಹೆಚ್ಚಿತ್ತು.

ನಮ್ಮ ಮನೆ, ದನದ ಕೊಟ್ಟಿಗೆಗಳ ನೊಣ ತಿಪ್ಪೆಯ ರೋಗಾಣುಗಳನ್ನು ಹೊತ್ತು ತರುತ್ತದೆ. ಅದಕ್ಕಿಂತ ಭಯಂಕರವಾದುದು ಕ್ರೈಸೋಮಿಯಾ ಬೆಜಿಯಾನಾ ಎಂಬ ನೊಣ. ಭಾರತದಲ್ಲೂ ಇರುವ ಇದರ ಮರಿಗಳು ಜೀವಂತ ಮಾಂಸವನ್ನೇ ಕೊರೆದು ತಿನ್ನುತ್ತವೆ. ಎತ್ತಿನ ಗಾಯದಲ್ಲಿ ಬೀಳುವ ಈ ಹುಳು ಮನುಷ್ಯರನ್ನೂ ಬಿಡದು. ಕಣ್ಣಳತೆಯಲ್ಲಿ ಎರಡನ್ನೂ ಗುರುತಿಸಲು ನಿಮ್ಮಿಂದಾಗದು.

ಮಾನ್ವಿಯ ಭತ್ತದ ಗದ್ದೆಯಲ್ಲಿ, ದೇವದುರ್ಗದ ಹತ್ತಿ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕಾಲಿನ ಗಾಯ ಹೊಸದಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಮುಳ್ಳು ಚುಚ್ಚಿದ್ದೂ, ಹುಳು ಬಿದ್ದಿದ್ದೂ ತಿಳಿಯುವುದಿಲ್ಲ. ತಡಮಾಡಿದರೆ ಕಾಲನ್ನೇ ಕತ್ತರಿಸಬೇಕಾದೀತು. ಆದ್ದರಿಂದ ಈ ಮಾತುಗಳನ್ನು ನೆನಪಿಡಿ:

* ಹುಳು ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ಔಷಧಿ ಸುರಿಯಬೇಡಿ. ಮಾಂಸ ಸುಡುತ್ತದೆ, ವಿಷ ರಕ್ತಕ್ಕೂ ಸೇರಬಹುದು.
* ಸ್ವಚ್ಛ ಬಟ್ಟೆ ಮುಚ್ಚಿ, ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಜ್ವರ, ಬಾವು, ಕಪ್ಪಾದ ಚರ್ಮವಿದ್ದರೆ ರಾಯಚೂರಿನ ರಿಮ್ಸ್‌ನಂತಹ ದೊಡ್ಡ ಆಸ್ಪತ್ರೆ ಸೇರಲು ತಡ ಬೇಡ.
* ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಮರೆಯದೆ ಕೇಳಿ.
* ಸಕ್ಕರೆ ಕಾಯಿಲೆಯವರು ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಕಣ್ಣು ಮಂಜಾದ ಹಿರಿಯರಿದ್ದರೆ ಮನೆಯ ಮಕ್ಕಳೇ ನೋಡಲಿ.
* ಗಾಯವನ್ನು ನೊಣಕ್ಕೆ ತೆರೆದಿಡಬೇಡಿ. ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಮರಿಯಾಗುತ್ತದೆ.